ಏಳನೇ ಪಾಠ

ಪುಸ್ತಕದ ಲೆಕ್ಕದಲ್ಲಿ ಈ ಪಾಠ ಜುಲೈಗೆ.
ಬರೆದವರು ಬಯಲುಸೀಮೆಯವರಿರಬೇಕು.
ಗಾಜನೂರು ಅಣೆಕಟ್ಟಿನ ಈ ಮಗ್ಗುಲಲ್ಲಿ
ಜುಲೈಯಲ್ಲಿ ಧ್ವಜದ ಕಂಬಕ್ಕೂ ನೆರಳಿಲ್ಲ, ನನಗೂ ಇಲ್ಲ.
ಆರರಿಂದ ಎಂಟಕ್ಕೆ ಹಾರಿದೆ.
ಸಿಆರ್‌ಪಿ ಬಂದವರು ಕೇಳಿದರು, ಏಳು ಯಾಕೆ ಖಾಲಿ?
ಸೂರ್ಯ ರಜೆಯಲ್ಲಿದ್ದಾನೆ ಸಾರ್, ಅಂದೆ.
ನಗಲಿಲ್ಲ. ಷರಾ ಬರೆದು ಹೋದರು.

ದೀಪಾವಳಿ ಕಳೆದ ಸೋಮವಾರ
ಹದಿನಾಲ್ಕು ಮಕ್ಕಳು, ಒಂದು ಡಬ್ಬಿ ಸೀಮೆಸುಣ್ಣ,
ಅಂಗಳದ ಸಿಮೆಂಟು.
ಒಬ್ಬರು ನಿಲ್ಲುವುದು, ಇನ್ನೊಬ್ಬರು
ನೆರಳಿನ ಸುತ್ತ ಗೆರೆ ಎಳೆಯುವುದು.
ನಿಂತಲ್ಲಿ ನಿಲ್ಲದ ಹಾಲೇಶಿಗೆ
ಎರಡು ತಲೆ, ಮೂರು ಕೈ ಬಂದವು.
ಊಟದ ಗಂಟೆಗೆ ಮತ್ತೆ ಅಲ್ಲೇ ನಿಲ್ಲಿಸಿದೆ.
ಒಬ್ಬರ ನೆರಳೂ ಅವರವರ ಗೆರೆಗೆ ಸಾಲಲಿಲ್ಲ.
ಸಿಂಚನಾ ಅಳುವುದೊಂದು ಬಾಕಿ:
"ಬೆಳಿಗ್ಗೆ ಇದ್ದಷ್ಟು ನಾನು ಈಗಿಲ್ಲ ಟೀಚರ್!"
ಉಣ್ಣು ಹೋಗು, ಸಂಜೆಗೆ ಬೆಳೀತೀಯ, ಅಂದೆ.
ಅದು ಸಮಾಧಾನವಲ್ಲ, ವಿಜ್ಞಾನ.

ಗಾಜು, ಎಣ್ಣೆ ಸವರಿದ ಕಾಗದ, ರಟ್ಟು.
ಪಾರದರ್ಶಕ, ಅರೆಪಾರದರ್ಶಕ,
ಮೂರನೆಯದನ್ನು ಹಾಲೇಶಿ ಒಡೆದು ಓದಿದ:
"ಅಪಾರ... ದರ್ಶಕ."
ತಿದ್ದಬೇಕಿತ್ತು.
ಐವತ್ತು ವರ್ಷದಿಂದ ನಮ್ಮನ್ನೆಲ್ಲ ನೋಡುತ್ತ ನಿಂತ
ಶಾಲೆಯ ಗೋಡೆ ಕಣ್ಣಿಗೆ ಬಿತ್ತು.
ಆ ದಿನಕ್ಕೆ ಬಿಟ್ಟೆ.

ಕಿರುಪರೀಕ್ಷೆ. ಸರಿಯೋ ತಪ್ಪೋ:
ನೆರಳು ಯಾವಾಗಲೂ ಕಪ್ಪು.
ಹದಿಮೂರು ಜನ ಸರಿ ಅಂದರು. ನನ್ನ ಕೈಪಿಡಿಯೂ ಸರಿ ಅಂದಿತು.
ಸಫೂರಾ ಒಬ್ಬಳದು ತಪ್ಪು.
ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ.
ಮೇಜಿನ ಬಳಿ ಬಂದಳು, ಮಾತಿಲ್ಲ,
ಕಿಟಕಿಯ ಬಿಸಿಲಿಗೆ ಕೈ ಒಡ್ಡಿದಳು.
ಎರಡು ಗಾಜಿನ ಬಳೆ.
ಉತ್ತರಪತ್ರಿಕೆಯ ಮೇಲೆ ಮಣಿಕಟ್ಟಿನ ಕಪ್ಪು,
ಅದರ ಮಗ್ಗುಲಲ್ಲಿ ನಡುಗುವ ಎರಡು ಹಸಿರು ಗೀರು,
ಅಗೆಮಡಿಯ ಎಳೆ ಸಸಿಯಂಥ ಹಸಿರು.
ಹತ್ತೊಂಬತ್ತು ವರ್ಷ ಈ ಪಾಠ ಮಾಡಿದವಳು,
ಅದಕ್ಕೂ ಹಿಂದಿನಿಂದ ಬಳೆ ತೊಟ್ಟವಳು,
ನಾನು ನೋಡಿರಲಿಲ್ಲ.
ಅಂಕ ಕೊಟ್ಟೆ. ಕೈಪಿಡಿಯ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದುಕೊಂಡೆ: ಬಳೆ ನೋಡು.

ಪಾಠ ಮುಗಿಸುವ ದಿನ ಹಾಲೇಶಿಯ ಪ್ರಶ್ನೆ:
"ರಾತ್ರಿ ನಮ್ಮ ನೆರಳು ಎಲ್ಲಿ ಮಲಗುತ್ತೆ?"
ಆಫ್ರಿಕದ ಹತ್ತಿರ ನೆಗ್ಗಿದ ಗ್ಲೋಬು ತಂದೆ,
ಮೊಬೈಲಿನ ಟಾರ್ಚು ಹಿಡಿದೆ, ಬಾಗಿಲು ಮುಂದೆ ಮಾಡಿದೆ.
ನೋಡಿ, ಈ ಕಡೆ ಹಗಲು. ಆ ಕಡೆ ಕತ್ತಲೆ.
ರಾತ್ರಿ ಅಂದರೆ ಬೇರೇನೂ ಅಲ್ಲ, ಭೂಮಿಯದೇ ನೆರಳು.
ನಾವೆಲ್ಲ ಅದರೊಳಗೆ ಹೋಗಿ ಮಲಗುತ್ತೇವೆ.

ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಕೊನೆಯ ಸಾಲಿನಿಂದ,
ಸಕ್ರೆಬೈಲಿನ ಕಾವಾಡಿಯ ಮಗಳು, ಮೆಲ್ಲಗೆ:
"ಅಬ್ಬಾ ಕುಸುರೆ ಕಟ್ಟೋವಾಗ
ನಾನು ಆನೆ ಹೊಟ್ಟೆ ಕೆಳಗೆ ಕೂತ್ಕೋತೀನಿ.
ಹಂಗಾದ್ರೆ ಅದೂ ರಾತ್ರೀನೇ ಅಲ್ವಾ ಟೀಚರ್?
ಚಿಕ್ಕದು. ಒಂಚೂರು ಬೆಚ್ಚಗಿರುತ್ತೆ."

ಇದಕ್ಕೆ ಕೈಪಿಡಿಯ ಅಂಚು ಸಾಲಲಿಲ್ಲ.

ಐದೂಕಾಲರ ಬಸ್ಸು. ಬೆನ್ನಿಗೆ ಬಿಸಿಲು.
ನಮ್ಮ ಬಸ್ಸಿನ ನೆರಳು ನಮಗಿಂತ ಮುಂಚೆ
ಶಿವಮೊಗ್ಗ ಮುಟ್ಟುವ ಆತುರದಲ್ಲಿ ಓಡುತ್ತಿತ್ತು,
ಅದರ ಕಿಟಕಿಯೊಂದರಲ್ಲಿ ನನ್ನ ತಲೆ.
ತಿರುವಿನಲ್ಲಿ ಗುಡ್ಡದ ನೆರಳು ಬಂದು
ಬಸ್ಸನ್ನೂ ತಲೆಯನ್ನೂ ಒಳಗೆ ತೆಗೆದುಕೊಂಡಿತು.
ಆಮೇಲೆ, ದೊಡ್ಡದು.