ಸೂಜಿಗಣ್ಣು

ಬುರ್ಜ್ ಹಮ್ಮೂದಿನ ನಮ್ಮ ಗಲ್ಲಿಯಲ್ಲಿ
ಕರೆಂಟು ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ,
ತೀರಾ ಸಲಿಗೆಯ ನೆಂಟನಂತೆ.
ಹೊಲಿಗೆ ಯಂತ್ರ ಅರ್ಧ ತೋಳಿನಲ್ಲಿ ನಿಂತಿದೆ.
ನಾಳೆ ಹತ್ತಕ್ಕೆ ಮದುವೆ. ಮದುಮಗಳ ತಾಯಿ ಎರಡು ಸಲ ಫೋನು ಮಾಡಿದಳು,
ಜನರೇಟರಿನ ಲೆವೋನ್ ಒಮ್ಮೆಯೂ ಎತ್ತಲಿಲ್ಲ.

ಆಗಲೇ ಬಾಗಿಲು. ಮತ್ತೆ ಅರಕ್ಸಿ ಅಜ್ಜಿ,
ಮೂರನೆಯ ಮಹಡಿಯಿಂದ ಕಂಬಿ ಹಿಡಿದು ಇಳಿದು,
ಅಂಗೈಯಲ್ಲಿ ಸೂಜಿ, ತುಟಿಯಲ್ಲಿ ಒದ್ದೆ ದಾರ.
“ಶೂಷಾನ್, ಕಣ್ಣು ಕಾಣಿಸದು ಮಗಳೇ, ಪೋಣಿಸಿಕೊಡು.”
ಬೆಳಗಿನಿಂದ ಇದು ಐದನೆಯದು.
ಗಂಡನ ಕೋಟಿನ ಒಂದೇ ಗುಂಡಿ:
ಹೊಲಿಯುತ್ತಾಳೆ, ವಾರೆಯಾಯಿತೆಂದು ಕತ್ತರಿಸುತ್ತಾಳೆ,
ಮತ್ತೆ ಹೊಲಿಯುತ್ತಾಳೆ.
ಆ ಕೋಟು ತೊಡುವವನು ಸತ್ತು ಒಂಬತ್ತು ವರ್ಷ.

“ಎಷ್ಟು ಸಲ?” ಅಂದುಬಿಟ್ಟೆ. ಅಂದದ್ದಲ್ಲ, ಅರಚಿದ್ದು.
ಅವಳ ಕೈ ನಡುಗಿ ಸೂಜಿ ಬಿತ್ತು.

ಎಷ್ಟು ಸಲ?
ಹಿಂದೊಬ್ಬ ಬೆಸ್ತನೂ ಇದನ್ನೇ ಕೇಳಿದ್ದ,
ಏಳು ಸಾಕೇ ಎಂದು, ಉದಾರಿಯ ಹಾಗೆ.
ಅವನಿಗೆ ಸಿಕ್ಕ ಉತ್ತರ ಭಾನುವಾರ ಕೇಳಲು ಚೆಂದ;
ಮಂಗಳವಾರ ಮಧ್ಯಾಹ್ನ, ಬೆವರಿನಲ್ಲಿ,
ಗುಣಿಸುವುದಕ್ಕೂ ಮನಸ್ಸಿಲ್ಲ.

ಮಂಡಿಯೂರಿದೆ. ಪ್ರಾರ್ಥನೆಗಲ್ಲ, ಸೂಜಿಗೆ.
ಮಬ್ಬು ನೆಲವನ್ನು ಅಂಗೈಯಿಂದ ಸವರುತ್ತ ಹೋದರೆ
ಚೂರು ಬಟ್ಟೆ, ಸೀಮೆಸುಣ್ಣ, ಅವಳ ಹರಿದ ಚಪ್ಪಲಿ,
ಚಪ್ಪಲಿಯೊಳಗೆ ಊದಿದ ಪಾದ.
ಪಾದದ ಮುಂದೆ ನಾನು.
ಹೀಗೆ ಬಗ್ಗಿದವನೊಬ್ಬನಿದ್ದ, ಸೊಂಟಕ್ಕೆ ವಸ್ತ್ರ ಸುತ್ತಿ,
ಬೋಗುಣಿಯಲ್ಲಿ ನೀರಿಟ್ಟು.
ಅವನಿಗೂ ನಾಳೆ ಎಂಬುದೊಂದಿತ್ತು,
ನನ್ನದಕ್ಕಿಂತ ಭಾರದ್ದು.

ಸೂಜಿ ತಾನಾಗಿ ಸಿಕ್ಕಿತು, ಬೆರಳಿಗೆ ಚುಚ್ಚಿ.

ಕಿಟಕಿಯ ಬೆಳಕಿಗೆ ಹಿಡಿದೆ. ಈ ಸಣ್ಣ ಕಂಡಿಯಲ್ಲಿ ಒಂಟೆ ನುಗ್ಗಬೇಕಂತೆ;
ನನ್ನ ಸಿಟ್ಟಿಗೆ ಒಂಟೆಗಿಂತ ಒಂದು ಡುಬ್ಬ ಹೆಚ್ಚು.
ದಾರವೇನೋ ಹೋಯಿತು.

ಉದ್ದ ಎಳೆದೆ, ಎರಡು ಮಾರು,
ಸಂಜೆಯವರೆಗೆ ಇವಳು ಇತ್ತ ಸುಳಿಯದಿರಲೆಂದು.
ದಯೆಯಂತೆಯೇ ಕಾಣುತ್ತಿತ್ತು ಅದು; ಅಜ್ಜಿ ಹರಸಿದಳು ಕೂಡ.
ಆದರೆ ಕಸುಬಿನವಳು ನಾನು:
ಉದ್ದದ ದಾರ ಸಿಕ್ಕಾಗುತ್ತದೆ, ಮುದಿಬೆರಳಿಗೆ ಬಿಡಿಸಲಾಗದು.

ಕತ್ತರಿ ತೆಗೆದೆ.
ಅವಳ ಮೊಳದಷ್ಟೇ ಉಳಿಸಿ, ತುದಿಗೆ ಗಂಟು ಹಾಕಿ,
“ಮುಗಿದರೆ ಬಾ” ಅಂದೆ. ದನಿ ಇನ್ನೂ ಒರಟಾಗಿಯೇ ಇತ್ತು.
ಅವಳು ಕಂಬಿ ಹಿಡಿದು ಹತ್ತಿದಳು, ಮೆಟ್ಟಿಲಿಗೊಂದು ಉಸಿರು.

ಬಾಗಿಲು ಹಾಕಲಿಲ್ಲ.
ಗಾಳಿ ಬರಲಿ ಎಂದು, ಅಂದುಕೊಂಡೆ.