ಙ

ಹಂಪನಕಟ್ಟೆಯಲ್ಲಿ ಕೊಡೆ ರಿಪೇರಿ ಅಂಗಡಿಯ ಮಾಳಿಗೆ,
ಅಲ್ಲಿ ನಮ್ಮ ಕೇಬಲ್ ಚಾನೆಲ್ಲಿನ ಸ್ಟುಡಿಯೋ.
ಶನಿವಾರ ಏಳು ಗಂಟೆಗೆ ‘ಅಕ್ಷರ ಮನೆ’.
ಹತ್ತೊಂಬತ್ತು ವರ್ಷ ಅದರ ಹಲಗೆಯ ಹಿಂದೆ ನಿಂತವನು ನಾನು.
ಕೇಳಿದ ಅಕ್ಷರ ಹುಡುಕಿ ಕಿಂಡಿಗೆ ತೂರಿಸುವುದು ಕೆಲಸ.
ಟಿವಿಯಲ್ಲಿ ಕಂಡದ್ದು ಬೆರಳು ಮಾತ್ರ, ಅದೂ ಆಗೀಗ.

ಮೊದಲ ವರ್ಷವೇ ಜಗಳ:
‘ಕ’ ಕೇಳಿದವರಿಗೆ ‘ಕೋ’ ತೋರಿಸಬಹುದೋ?
ಉಳ್ಳಾಲದಿಂದ ಸುರತ್ಕಲ್‌ವರೆಗೆ ಪೋಸ್ಟ್ ಕಾರ್ಡುಗಳ ಮೂಟೆ.
ವಿನ್ಸಿ ಮಾಸ್ಟರು ಕನ್ನಡಕ ಒರೆಸಿ ತೀರ್ಪು ಕೊಟ್ಟರು:
ಕೊಂಬು, ಗುಡಿಸು, ದೀರ್ಘ ಎಲ್ಲ ಧರ್ಮಕ್ಕೆ;
ಒತ್ತಿಗೆ ಮಾತ್ರ ಐವತ್ತು ರೂಪಾಯಿ ಕಟ್.

ಆಮೇಲೆ ಬಿಡಿ.
ಬೀಡಿ ಸುತ್ತುವ ಕೈ ಎಲೆ ಮಡಚುವುದು ಮರೆತು
‘ರ ಹೇಳು ಮಾರಾಯ, ರ!’ ಎಂದು ಟಿವಿಗೇ ಬೈಯುತ್ತಿತ್ತಂತೆ.
ಗೆದ್ದರೆ ಕುಕ್ಕರು, ಸೋತರೆ ತೆಂಗಿನೆಣ್ಣೆ.
ಬ್ಯಾಂಕಿನ ಮ್ಯಾನೇಜರು ಎಣ್ಣೆ ಡಬ್ಬಿ ಹಿಡಿದು
ಮೆಟ್ಟಿಲಿಳಿಯುವುದನ್ನು ನೋಡಲಿಕ್ಕೇ
ಕೆಳಗೆ ಜನ ಕಾದದ್ದುಂಟು.
ಉತ್ತರ ಗೊತ್ತಿದ್ದ ನಾನು
ಕೆಮ್ಮುವ ಹಾಗೂ ಇರಲಿಲ್ಲ.

ಆಚಾರಿ ಇಡೀ ವರ್ಣಮಾಲೆ ಕೊರೆದುಕೊಟ್ಟಿದ್ದ.
‘ರ’ದ ಅಂಚು ಸವೆದು ಎರಡು ಸಲ ಬದಲಾಯಿತು.
ಕೆಳಗಿನ ಗೂಡಿನಲ್ಲಿ ಙ,
ಹೊಸ ಬಣ್ಣ ಹಾಗೇ, ಒಂದು ಜೇಡ.

ಹನ್ನೊಂದನೇ ವರ್ಷ ಬಂದರು
ಬೆಂಗ್ರೆಯ ವಾರಿಜ ಪುತ್ರನ್.
ಮೀನು ಏಲಂ ಮುಗಿಸಿ ಸ್ನಾನ ಮಾಡಿ, ತಲೆತುಂಬ ಅಬ್ಬಲಿಗೆ.
ರಾತ್ರಿ ಶಾಲೆಯಲ್ಲಿ ನಲವತ್ತಕ್ಕೆ ಅಕ್ಷರ ಕಲಿತವರು.
ಎರಡೇ ಕಿಂಡಿ ಬಾಕಿ, ಕುಕ್ಕರು ಕೈಗೆ ಸಿಕ್ಕಿದ ಹಾಗೆ.
‘ಙ ಉಂಟಾ ಮಾಸ್ಟ್ರೇ?’

ಕ್ಯಾಮರಾ ಹಿಡಿದ ಹುಡುಗ ನಕ್ಕ, ಚಿತ್ರ ಅಲ್ಲಾಡಿತು.
‘ಅದು ಯಾಕಮ್ಮ?’
‘ಸಾಲಿನಲ್ಲಿ ಐದನೆಯದ್ದು. ಓದುವಾಗ ಎಲ್ಲರೂ ಹಾರಿಸುತ್ತಾರೆ.
ಪಾಪ ಅತ್ತಾ?’

ಇಲ್ಲದ್ದಕ್ಕೆ ಗಂಟೆ ಬಾರಿಸಲೇಬೇಕು.
ಬಾರಿಸಿದರು.
ಹಲಗೆಯ ಹಿಂದೆ ಙ ನನ್ನ ಕೈಯಲ್ಲಿತ್ತು;
ಯಾವಾಗ ಎತ್ತಿಕೊಂಡೆನೋ.
ಎಣ್ಣೆ ಡಬ್ಬಿ ಸೊಂಟಕ್ಕಿಟ್ಟು ಅವರು ಗೆದ್ದವರ ಹಾಗೆ ಇಳಿದುಹೋದರು.

ಚಾನೆಲ್ ಮುಚ್ಚಿದ ದಿನ ಹಲಗೆ ಗುಜರಿಗೆ, ಕಿಲೋ ಲೆಕ್ಕದಲ್ಲಿ.
ಒಂದು ತುಂಡು ಮಾತ್ರ ನನ್ನ ಕಿಸೆಗೆ.

ಮೊನ್ನೆ ಸ್ಟೇಟ್ ಬ್ಯಾಂಕ್ ಹತ್ತಿರ ಮೀನು ಮಾರ್ಕೆಟ್ಟು.
ಅದೇ ಗಂಟಲು, ಈಗ ಸ್ವಲ್ಪ ಒಡಕು:
‘ಬಂಗುಡೆ, ಬಂಗುಡೆ!’
ನಾಲಿಗೆಯ ಬುಡ ಹಿಂದಕ್ಕೆ ಸರಿದು
ಮೂಗಿನಲ್ಲಿ ಒಂದು ಕ್ಷಣ ನಿಂತದ್ದು ಕೇಳಿಸಿತು,
ಸೊನ್ನೆಯ ಒಳಗೆ ಕುಳಿತದ್ದು.
ಅಲ್ಲೇ, ಬುಟ್ಟಿಯ ಎದುರು, ಬಾಯಿಬಿಟ್ಟು ಹೇಳಿ ನೋಡಿದೆ:
ಮಂಗಳೂರು.

‘ಎಷ್ಟು ಬೇಕು?’ ಅಂದರು ಅವರು,
ನನ್ನ ಗುರುತಿಲ್ಲದೆ. ಬೆರಳು ನೋಡಿದ್ದರೆ ಸಿಗುತ್ತಿತ್ತೇನೋ.
ನೂರಕ್ಕೆ ಐದು ಕೊಟ್ಟರು.
ಐದನೆಯದ್ದು ಸಣ್ಣದು, ಧರ್ಮಕ್ಕೆ.