ಬೆಂಡೆ ರಸದ ಪುಟ

ಹೈಡ್ರೋಸ್ ಹಾಕದೆ ಬೆಲ್ಲ ಹೊಂಬಣ್ಣಕ್ಕೆ ತಿರುಗುವುದು ಹೇಗೆ
ಎಂದು ಫೋನಿಗೆ ಕೇಳಿದೆ, ಆಲೆಮನೆಯ ಹೊಗೆಯಲ್ಲೇ ನಿಂತು.
ಕಣ್ಣು ಮಿಟುಕಿಸುವಷ್ಟರಲ್ಲಿ ಎಂಟು ಲಕ್ಷ ಉತ್ತರ.
ಮೊದಲನೆಯದು ಬೆಲ್ಲ ಮಾರುತ್ತಿತ್ತು.
ಎರಡನೆಯದೂ. ಮೂರನೆಯದು
ಬೆಲ್ಲ ತಿಂದರೆ ತೂಕ ಇಳಿಯುತ್ತದೆಂದು ಆಣೆ ಇಡುತ್ತಿತ್ತು.
ನಾಲ್ಕನೆಯದಕ್ಕೆ ಹೋಗಲಿಲ್ಲ, ಕೊಪ್ಪರಿಗೆ ಉಕ್ಕಿತು.

ಮಂಡ್ಯದ ಲೈಬ್ರರಿಯಲ್ಲಿ ಜವರಾಜು
ಕ್ಯಾಟಲಾಗಿನ ಕಡೆ ತಿರುಗಿಯೂ ನೋಡಲಿಲ್ಲ.
ಕೃಷಿ ಕಪಾಟಿನ ಕೆಳಸಾಲಿಗೆ ಕುಕ್ಕರಗಾಲಲ್ಲಿ ಕೂತು
ಬೆನ್ನು ಹರಿದವನ್ನಷ್ಟೇ ಮುಟ್ಟುತ್ತಾ ಹೋದ.
"ನೆಟ್ಟಗಿರೋದ್ನ ಯಾರೂ ಓದಿಲ್ಲ ಕಣಕ್ಕ.
ಸವ್ದಿರೋದ್ರಲ್ಲಿ ಹುಡುಕು."

ಒಂದು ಕೈಪಿಡಿ, ರಟ್ಟಿಲ್ಲ.
ಮಧ್ಯೆ ಪಾಂಡವಪುರದ ಬಸ್ ಟಿಕೆಟ್ಟು, ಎರಡೂವರೆ ರೂಪಾಯಿಯದು.
ಅದು ನಿಂತ ಪುಟದಲ್ಲಿ
ಬೆಂಡೆಗಿಡದ ಕಾಂಡ ಜಜ್ಜಿ, ನೀರಲ್ಲಿ ಕಿವುಚಿ
ಕುದಿಯುವ ಕಬ್ಬಿನ ಹಾಲಿಗೆ ಬಿಡುವ ಕ್ರಮ.
ಅಂಚಿನಲ್ಲಿ ಪೆನ್ಸಿಲ್: ಉಪಯುಕ್ತ.
ಕೆಳಗೆ ಬೇರೆ ಕೈ, ನೀಲಿ ಶಾಯಿ: ಸುಳ್ಳು.
ಅದಕ್ಕೂ ಕೆಳಗೆ, ಅಕ್ಷರ ಕಲಿತು ಬಹಳ ವರ್ಷವಾಗದವರ ಪೆನ್ಸಿಲ್:
ದಿಟ. ನಾನು ಮಾಡ್ನೋಡಿವ್ನಿ. ಎಳೆ ಗಿಡ ಬ್ಯಾಡ.

ಮೂರು ಜನ. ಒಬ್ಬರನ್ನೊಬ್ಬರು ಕಂಡವರಲ್ಲ.
ಒಂದು ಹಾಳೆಯ ಮೇಲೆ ಜಗಳವಾಡಿಕೊಂಡು
ನನಗಾಗಿ ಕಾದಿದ್ದರು.

ಬಿಂದುಶ್ರೀಗೆ ಹೇಳಿದೆ. ಅಕ್ಕನ ಮಗಳು,
ಇದನ್ನೇ ಓದುತ್ತಾಳೆ ಕಾಲೇಜಿನಲ್ಲಿ:
ಜನ ಇಟ್ಟ ಗುರುತನ್ನೆಲ್ಲ ಕೂಡಿಸಿದರೆ
ಹುಡುಕುವ ಯಂತ್ರಕ್ಕೆ ಬುದ್ಧಿ ಬರುತ್ತದೆಯೇ ಎಂದು.
"ಬರ್ತದೆ ಚಿಕ್ಕಮ್ಮ, ಚೂರು.
ಆದ್ರೆ ಓದೋರು ಸಾವಿರ, ಪೆನ್ಸಿಲ್ ಹಿಡಿಯೋರು ಮೂವರು.
ಅವರಲ್ಲೂ ಇಬ್ಬರು ತಲೆಬರಹದಲ್ಲಿರೋ ಮಾತನ್ನೇ
ಪಕ್ಕದಲ್ಲಿ ಇನ್ನೊಂದ್ಸಲ ಬರೀತಾರೆ."
ಹೌದು. ಅದೇ ಕೈಪಿಡಿಯ ತುಂಬ
ಯಾರೋ ತನ್ನ ಟ್ಯೂಷನ್ನಿನ ನಂಬರು ಗೀಚಿದ್ದ,
ದಪ್ಪಕ್ಷರದಲ್ಲಿ, ಎಲ್ಲರಿಗಿಂತ ಮೊದಲು ಕಾಣುವ ಹಾಗೆ.

ಮಾರ್ಚಿಗೆ ತಪಾಸಣೆಯವರು ಬರುತ್ತಾರಂತೆ.
'ಪುಸ್ತಕದಲ್ಲಿ ಗೀಚಬಾರದು' ಬೋರ್ಡಿನ ಕೆಳಗೆ ಕೂತು
ಜವರಾಜು ರಬ್ಬರು ಉಜ್ಜುತ್ತಿದ್ದ.
ಟ್ಯೂಷನ್ನು ಹೋಯಿತು. ಉಪಯುಕ್ತವೂ ಹೋಯಿತು.
ಶಾಯಿ ಅಲ್ಲವೇ, ಸುಳ್ಳು ಉಳಿಯಿತು.
ದಿಟದ ಮೇಲೆ ರಬ್ಬರು ಇಟ್ಟವನು ನನ್ನ ಮುಖ ನೋಡಿದ.
ನಾನೇನೂ ಹೇಳಲಿಲ್ಲ.
ಉಫ್ ಎಂದು ಪುಡಿ ಊದಿ, ಹಾಳೆ ಮಗುಚಿದ.

ಹಿಂದಿನ ವಾರ ಬೆಂಡೆ ಹಾಕಿ ನೋಡಿದ್ದೆ.
ಮಡ್ಡಿ ಮೇಲೆದ್ದು ಬಂತು. ಅಚ್ಚು ಮಾತ್ರ
ಹೊಂಬಣ್ಣಕ್ಕೆ ಬಾರದೆ ಹುಣಸೆ ಬೀಜದ ಬಣ್ಣಕ್ಕೆ ನಿಂತಿತು.
ಮಾರ್ಕೆಟ್ಟಿನಲ್ಲಿ ಎರಡು ರೂಪಾಯಿ ಕಮ್ಮಿಗೆ ಕೇಳಿದರು,
ಕೇಳಿದವರೇ ಚೂರು ಮುರಿದು ಬಾಯಿಗೆ ಹಾಕಿಕೊಂಡು
ಇನ್ನೊಂದು ಚೂರು ಮುರಿದರು.

ಅಷ್ಟನ್ನು ಬರೆಯಲು ಅಂಚಿನಲ್ಲಿ ಜಾಗವಿರಲಿಲ್ಲ.
ಜವರಾಜು ಟೀಗೆ ಎದ್ದಾಗ
ದಿಟದ ಪಕ್ಕ ಉಗುರಿನಿಂದ ಒಂದು ಗೀರು ಎಳೆದೆ.
ಹಾಳೆಯನ್ನು ಕಿಟಕಿಗೆ ಓರೆ ಹಿಡಿದರೆ ಕಾಣುತ್ತದೆ.